30 ಸಾವಿರಕ್ಕೆ ನಿಂತುಹೋಗುವ ಬಿಡುಗಡೆ

ಜುಲೈ 30ಕ್ಕೆ ಮಾನವ ಕಳ್ಳಸಾಗಣೆ ವಿರುದ್ಧ ಜಾಥಾ, ಅಕ್ಟೋಬರ್ ಕೊನೆಗೆ ಭ್ರಷ್ಟಾಚಾರದ ವಿರುದ್ಧ ಪ್ರತಿಜ್ಞಾವಿಧಿ. ಎರಡರಲ್ಲೂ ಬುದ್ಧಿಮಾತು ಜನರಿಗೇ: ಅಪರಿಚಿತರನ್ನು ನಂಬಬೇಡಿ, ಲಂಚ ಕೊಡಬೇಡಿ. ಈ ಎರಡು ಅಭಿಯಾನಗಳು ಒಂದಾಗದ ಹೊರತು ಎರಡರಿಂದಲೂ ಹೆಚ್ಚಿನ ಪ್ರಯೋಜನವಿಲ್ಲ. ಮುಂಗಡ ಪಡೆದು ಇಟ್ಟಿಗೆ ಭಟ್ಟಿಗೆ ಹೋಗುವ ಕುಟುಂಬಕ್ಕೆ ಕರೆದೊಯ್ಯುವ ಮೇಸ್ತ್ರಿ ಅಪರಿಚಿತನಲ್ಲ; ಎಷ್ಟೋ ಸಲ ಅವನು ಅದೇ ಊರಿನವನು. ಭಟ್ಟಿಯ ದುಡಿಮೆ ಎಂಥದೆಂದು ಗೊತ್ತಿದ್ದರೂ ಆಸ್ಪತ್ರೆಯ ಸಾಲ, ಮದುವೆಯ ಸಾಲ ಅವರನ್ನು ಅಲ್ಲಿಗೆ ಅಟ್ಟುತ್ತದೆ. ಅವರಿಗೆ ಯಾರೂ ತಿಳಿಸದ ಸಂಗತಿ ಒಂದೇ: ಜೀತದಿಂದ ಬಿಡಿಸಿ ತಂದ ಮೇಲೆ ಸರ್ಕಾರಿ ಕಚೇರಿ ತಮಗೆ ಏನೇನು ಕೊಡಬೇಕು ಎಂಬುದು.

ಜೀತ ಕಾರ್ಮಿಕರ ಪುನರ್ವಸತಿ ಯೋಜನೆಯನ್ನು ಕೇಂದ್ರ ಸರ್ಕಾರ 2016ರಲ್ಲಿ ಪರಿಷ್ಕರಿಸಿದಾಗ ಎಲ್ಲರ ಕಣ್ಣು ಹೋದದ್ದು ದೊಡ್ಡ ಮೊತ್ತಗಳ ಮೇಲೆ. ಪುರುಷರಿಗೆ 1 ಲಕ್ಷ, ಮಹಿಳೆ ಮತ್ತು ಮಕ್ಕಳಿಗೆ 2 ಲಕ್ಷ, ಕಳ್ಳಸಾಗಣೆಯಂಥ ಘೋರ ಪ್ರಕರಣಗಳಲ್ಲಿ 3 ಲಕ್ಷ. ಆದರೆ ಪೂರ್ತಿ ಹಣ ಕೈಸೇರಲು ನ್ಯಾಯಾಲಯದ ಪ್ರಕ್ರಿಯೆಯಲ್ಲಿ ಜೀತ ಸಾಬೀತಾಗಬೇಕು. ಅಲ್ಲಿಯವರೆಗೆ ಸಿಗುವುದು ತಕ್ಷಣದ ನೆರವು ಮಾತ್ರ: ಮೊದಲು 20 ಸಾವಿರ, 2022ರಿಂದ ಹೆಚ್ಚೆಂದರೆ 30 ಸಾವಿರ. ದೇಶದಲ್ಲಿ ಮಾನವ ಕಳ್ಳಸಾಗಣೆ ಪ್ರಕರಣಗಳಲ್ಲಿ ಶಿಕ್ಷೆಯಾಗುವ ಪ್ರಮಾಣ 2016ರಲ್ಲಿ ಶೇ 27.8 ಇದ್ದದ್ದು 2020ರಲ್ಲಿ ಶೇ 10.6ಕ್ಕೆ ಕುಸಿದಿತ್ತು. ಹಾಗಾಗಿ ನಿಜವಾದ ಪರಿಹಾರ ಎಷ್ಟೆಂದರೆ 30 ಸಾವಿರ. ಮುಂದಿನ ಹಂಗಾಮಿಗೆ ಮೇಸ್ತ್ರಿ ಮತ್ತೆ ಮುಂಗಡ ಹಿಡಿದು ಬರುವ ಹೊತ್ತಿಗೆ ಅದೂ ಖರ್ಚಾಗಿರುತ್ತದೆ. ಆ 30 ಸಾವಿರಕ್ಕೂ ಬಿಡುಗಡೆ ಪತ್ರ ಬೇಕು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ವ್ಯವಸ್ಥೆಯಲ್ಲಿ ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕಾದವರೂ, ಉಪವಿಭಾಗದ ಜಾಗೃತಿ ಸಮಿತಿಯ ಅಧ್ಯಕ್ಷರೂ ಒಬ್ಬರೇ, ಉಪವಿಭಾಗಾಧಿಕಾರಿ. ಸಹಿ ಹಾಕಿದರೆ ತಮ್ಮ ವ್ಯಾಪ್ತಿಯಲ್ಲೇ ಜೀತವಿದೆ ಎಂದು ಒಪ್ಪಿಕೊಂಡಂತೆ. ಅದಕ್ಕಿಂತ ‘ಕೂಲಿ ತಕರಾರು’ ಎಂದು ಬರೆದು ಕಡತ ಮುಗಿಸುವುದು ಸುಲಭ. ಸರ್ಕಾರಿ ನೌಕರನೇ ಕಳ್ಳಸಾಗಣೆಯಲ್ಲಿ ಭಾಗಿಯಾದರೆ ಸಾಯುವವರೆಗೂ ಸೆರೆವಾಸ ಎನ್ನುತ್ತದೆ ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್. ಸಹಿ ಹಾಕದೆ ಕೂತವರನ್ನು ಅದು ತಟ್ಟುವುದಿಲ್ಲ. ಲಂಚದ ಕವರ್ ಇಲ್ಲದ ಈ ಭ್ರಷ್ಟಾಚಾರದ ಬಗ್ಗೆ ಯಾವ ಪ್ರತಿಜ್ಞಾವಿಧಿಯೂ ಚಕಾರವೆತ್ತುವುದಿಲ್ಲ.

ಇದಕ್ಕೆ ದಾರಿ ತೋರಿಸಿದವರು ರಾಜಸ್ಥಾನದ ಹಳ್ಳಿಗರು. 1994ರಲ್ಲಿ ಕೋಟ್ ಕಿರಾನಾದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಮೊದಲ ಜನಸುನವಾಯಿ (ಸಾರ್ವಜನಿಕ ವಿಚಾರಣೆ) ನಡೆಸಿದಾಗ ಅಲ್ಲಿ ಯಾರೂ ನೀತಿ ಬೋಧಿಸಲಿಲ್ಲ. ಹಾಜರಿ ಪಟ್ಟಿಯನ್ನು, ಬಿಲ್ಲುಗಳನ್ನು ಗಟ್ಟಿಯಾಗಿ ಓದಿದರು, ಅಷ್ಟೇ. ಕೆಲಸವನ್ನೇ ಮಾಡದವರ ಹೆಸರಿನಲ್ಲಿ ಕೂಲಿ ಎತ್ತಿದ್ದು ಊರವರ ಎದುರಿಗೇ ಬಯಲಾಯಿತು. ಮಾಹಿತಿ ಹಕ್ಕು, ಉದ್ಯೋಗ ಖಾತರಿಯ ಸಾಮಾಜಿಕ ಪರಿಶೋಧನೆ ಎರಡಕ್ಕೂ ಬೇರು ಅಲ್ಲಿದೆ. ಜೀತದ ದಾಖಲೆಗಳಿಗೆ ಮಾತ್ರ ಈ ಓದು ಇವತ್ತಿಗೂ ಬಂದಿಲ್ಲ.

ಪೂರ್ತಿ ಹಣಕ್ಕೆ ಇರುವ ನ್ಯಾಯಾಲಯದ ಷರತ್ತು ತೆಗೆದರೆ ಸುಳ್ಳು ಜೀತದಾಳುಗಳು ಹುಟ್ಟಿಕೊಳ್ಳುತ್ತಾರೆ ಎಂಬುದು ಅಧಿಕಾರಿಗಳ ವಾದ. ಆ ಭಯಕ್ಕೆ ಆಧಾರವಿಲ್ಲವೆಂದಲ್ಲ. ಆದರೆ ಸುಳ್ಳನ್ನು ತಡೆಯಬೇಕಾದದ್ದು ಬಿಡುಗಡೆ ಪತ್ರಕ್ಕೆ ಮುಂಚಿನ ತನಿಖೆ. ಅದನ್ನು ಸರಿಯಾಗಿ ಮಾಡದೆ, ಸಾಕ್ಷಿಗಳು ಊರು ಬಿಟ್ಟುಹೋದ ಮೊಕದ್ದಮೆಯ ಸೋಲನ್ನು ಕೂಲಿಕಾರರ ತಲೆಗೆ ಕಟ್ಟುವುದು ಅನ್ಯಾಯ. ಅಲ್ಲದೆ, ಸಾಲ ಜೀತದ ಸಾಲವಲ್ಲ ಎಂದು ಸಾಬೀತು ಮಾಡುವ ಹೊಣೆಯನ್ನು ಕಾಯ್ದೆಯ 15ನೇ ಸೆಕ್ಷನ್ ಹೊರಿಸಿರುವುದು ಸಾಲ ಕೊಟ್ಟವನ ಮೇಲೆ. ಜೀತದ ದಾಖಲೆಗಳನ್ನು ಊರವರ ಎದುರು ಓದಿದರೆ ಸಂತ್ರಸ್ತರ ಗುಟ್ಟು ಬಯಲಾಗುತ್ತದೆ ಎಂಬ ಇನ್ನೊಂದು ಆಕ್ಷೇಪ ತೂಕದ್ದೇ, ವಿಶೇಷವಾಗಿ ಲೈಂಗಿಕ ಶೋಷಣೆಯ ಪ್ರಕರಣಗಳಲ್ಲಿ. ಆದರೆ ಹೆಸರು ಓದಬೇಕಾಗಿಯೇ ಇಲ್ಲ, ಇಷ್ಟನ್ನು ಓದಿದರೆ ಸಾಕು: ಈ ವರ್ಷ ದೂರು ಎಷ್ಟು, ಬಿಡುಗಡೆ ಪತ್ರ ಎಷ್ಟು, ‘ಕೂಲಿ ತಕರಾರು’ ಎಂದು ಮುಚ್ಚಿದ್ದೆಷ್ಟು, 30 ಸಾವಿರ ಸಂದಾಯವಾದದ್ದು ಎಷ್ಟು ದಿನಕ್ಕೆ, ಜಾಗೃತಿ ಸಮಿತಿ ಕೊನೆಯ ಸಲ ಸೇರಿದ್ದು ಯಾವಾಗ. ಜಾಥಾ ಹೊರಡಿಸುವ ಸಂಘಟನೆಗಳು ಈ ಐದು ಸಾಲುಗಳನ್ನು ಉಪವಿಭಾಗಾಧಿಕಾರಿ ಕಚೇರಿಯಿಂದ ಲಿಖಿತವಾಗಿ ಪಡೆದು, ಜನ ವಲಸೆ ಹೋಗುವ ಊರುಗಳ ಗ್ರಾಮಸಭೆಯಲ್ಲಿ ಓದಿಸಲಿ.