ಮಠದ ಜಗಲಿಗೆ ಕದ್ದ ಮಾತು ಬೇಡ

"ಸುಪ್ರೀಂ ಕೋರ್ಟೇ ಒಪ್ಪಿದೆಯಲ್ಲ ಸ್ವಾಮಿ, ಇನ್ನೇನು?" ಎಂಬ ಮಾತು ನಮ್ಮ ಸೋಮವಾರಪೇಟೆ, ಶನಿವಾರಸಂತೆ ಕಡೆಯ ಮಠಗಳ ಜಗಲಿಗೂ ಬಂದಿದೆ. ಗಂಡ ಹೆಂಡಿರ ಜಗಳವನ್ನು ಹಿರಿಯರ ಮುಂದಿಡಲು ಬಂದವರು ಮೊದಲು ತೆಗೆಯುವುದು ಮೊಬೈಲು. ಹೆಂಡತಿಗೆ ತಿಳಿಯದಂತೆ ರೆಕಾರ್ಡ್ ಮಾಡಿದ ಮಾತನ್ನು ಹತ್ತು ಜನರೆದುರು ಕೇಳಿಸುತ್ತಾರೆ, ಹಿರಿಯರು ತಲೆಯಾಡಿಸುತ್ತಾರೆ. ಇದನ್ನು ನಾನು ಖಂಡಿಸುತ್ತೇನೆ.

ಕೋರ್ಟು ಹೇಳಿದ್ದಾದರೂ ಏನು? ಪಂಜಾಬಿನ ಬಠಿಂಡಾದ ವಿಚ್ಛೇದನ ಮೊಕದ್ದಮೆಯೊಂದರಲ್ಲಿ ಗಂಡ ಇಂಥದೇ ರೆಕಾರ್ಡಿಂಗ್ ತಂದ. ಕೌಟುಂಬಿಕ ನ್ಯಾಯಾಲಯ ಒಪ್ಪಿತು. ಅದು ಹೆಂಡತಿಯ ಖಾಸಗಿತನದ ಉಲ್ಲಂಘನೆಯೆಂದು ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. 2025ರ ಜುಲೈ 14ರಂದು ಕನ್ನಡದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಹೈಕೋರ್ಟ್ ಆದೇಶವನ್ನು ರದ್ದುಮಾಡಿತು. 2024ರವರೆಗೆ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಕಾಯ್ದೆಯ 122ನೇ ಕಲಮು ದಂಪತಿಯ ಮಾತು ಹೊರಬೀಳದಂತೆ ಕಾಯುತ್ತಿತ್ತು. ಆದರೆ ಅವರಿಬ್ಬರ ನಡುವಿನ ವ್ಯಾಜ್ಯಕ್ಕೆ ಅದರಲ್ಲೇ ವಿನಾಯಿತಿಯಿತ್ತು. ತೀರ್ಪು ನಿಂತಿರುವುದು ಇದರ ಮೇಲೆ. ಒಬ್ಬರ ಮೇಲೊಬ್ಬರು ಗೂಢಚಾರಿಕೆಗೆ ಇಳಿದಿದ್ದರೆ ಅದೇ ಸಂಬಂಧ ಮುರಿದಿರುವುದರ ಲಕ್ಷಣ ಎಂದೂ ಪೀಠ ಹೇಳಿತು. ಜಗಲಿಯಲ್ಲಿ ಈ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ!

ಕೋರ್ಟಿನಲ್ಲಿ ಧ್ವನಿ ಯಾರದು, ತುಂಡರಿಸಿದ್ದೇ, ತಿದ್ದಿದ್ದೇ ಎಂದು ಪರೀಕ್ಷೆಯಾಗುತ್ತದೆ, ಪ್ರಮಾಣಪತ್ರ ಕೇಳುತ್ತಾರೆ, ಪಾಟೀಸವಾಲು ನಡೆಯುತ್ತದೆ. ಮಠದಲ್ಲಿ ಯಾವುದಿದೆ? ಎರಡು ನಿಮಿಷದ ತುಣುಕು, ಅಷ್ಟೆ. ಅದಕ್ಕೂ ಮೊದಲು ಅವಳನ್ನು ಅರ್ಧ ಗಂಟೆ ಕೆಣಕಿದ್ದರೆ ಅದು ಯಾರಿಗೂ ಕೇಳಿಸುವುದಿಲ್ಲ.

ರೆಕಾರ್ಡಿಂಗೇ ಪಾಪ ಎಂದು ನಾನು ಹೇಳುವುದಿಲ್ಲ. ಕಾಫಿ ತೋಟದ ನಡುವಿನ ಒಂಟಿಮನೆಯಲ್ಲಿ ಏಟು ತಿನ್ನುವ ಹೆಣ್ಣುಮಗಳಿಗೆ ಆ ಫೋನು ಬಿಟ್ಟರೆ ಸಾಕ್ಷಿ ಯಾರು? ಅವಳಿಗೆ "ಮನೆ ಮಾತು ಹೊರಗೆ ತರಬೇಡ ತಾಯಿ" ಎನ್ನುವ ಹಿರಿಯರೇ ಗಂಡ ತಂದ ರೆಕಾರ್ಡಿಂಗಿಗೆ ಕಿವಿಗೊಡುವುದು ಯಾವ ಸೀಮೆಯ ನ್ಯಾಯ?

ಮಾರಯ್ಯ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅವನ ಮುಖಕ್ಕೇ ಹೇಳಿದಳು. ಅವನು ಕೇಳಿಸಿಕೊಂಡ. ಆ ದಂಪತಿಯ ಹೆಸರನ್ನು ಬಸವ ಜಯಂತಿಯ ಭಾಷಣಕ್ಕಷ್ಟೇ ಬಳಸಿದರೆ ಸಾಲದು.

ಪಂಚಾಯಿತಿಗೆ ಕೂರುವ ಮುನ್ನ ಮೊಬೈಲುಗಳೆಲ್ಲ ಹೊರಗಿರಲಿ. ಹಿಂಸೆಯ ಸಾಕ್ಷ್ಯ ಹಿಡಿದು ಬಂದವಳಿಗೆ ರಾಜಿ ಮಾತು ಬೇಡ. ಅಕ್ಕನ ಬಳಗದ ಇಬ್ಬರು ಅವಳ ಜೊತೆ ಅಂದೇ ವಕೀಲರ ಬಳಿಗೋ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಸಂರಕ್ಷಣಾಧಿಕಾರಿಯ ಬಳಿಗೋ ಹೋಗಲಿ. ಬಸ್ಸಿನ ಖರ್ಚು ಮಠದ್ದಾಗಲಿ.