ಕಾರನ್ನು ಬೋರಲು ಹಾಕಿ ನೋಡಿ

ಹಳೇ ಕಾರುಗಳ ಮೇಲೆ ನಮ್ಮ ಬೆಂಗಳೂರಿಗರಿಗೆ ಈಗ ಭಾರೀ ಪ್ರೀತಿ ಉಕ್ಕಿದೆ. ಭಾನುವಾರ ಬೆಳಗ್ಗೆ ಪದ್ಮಿನಿ, ಅಂಬಾಸಿಡರ್, ಕಾಂಟೆಸಾಗಳು ಸಾಲಾಗಿ ನಿಂತು ಫೋಟೊ ಹೊಡೆಸಿಕೊಳ್ಳುತ್ತವೆ. ಫೋಟೊದ ಕೆಳಗೆ 'ಫುಲ್ ರೆಸ್ಟೊರೇಶನ್' ಅಂತ ಬರಹ. ನಾನು ಅಂಥ ಕಡೆ ಹೋದರೆ ಮೊದಲು ಮಂಡಿಯೂರಿ ಕಾರಿನ ಅಡಿಗೆ ಟಾರ್ಚ್ ಬಿಡ್ತೀನಿ. ಮಾಲೀಕರಿಗೆ ಇದು ಇಷ್ಟವಾಗಲ್ಲ. ಮನೆಗೆ ಬಂದ ನೆಂಟ ಅಡುಗೆಮನೆಯ ಡಬ್ಬ ಒಂದೊಂದೇ ತೆಗೆದು ನೋಡಿದ ಹಾಗೆ ಮುಖ ಮಾಡ್ತಾರೆ.

ಅಡಿಯಲ್ಲಿ ಕಾಣೋದು ಹೆಚ್ಚಾಗಿ ಒಂದೇ: ದಪ್ಪಗೆ ಬಳಿದ ಕಪ್ಪು ಟಾರು. ಅದರ ಹೆಸರು ಅಂಡರ್‌ಬಾಡಿ ಕೋಟಿಂಗ್. ಶುದ್ಧ ಕಬ್ಬಿಣದ ಮೇಲೆ ಹಾಕಿದರೆ ಒಳ್ಳೆಯ ರಕ್ಷಣೆ. ತುಕ್ಕಿನ ಮೇಲೆ ಹಾಕಿದರೆ ನೀರಿನ ಪಸೆಯನ್ನು ಒಳಗೇ ಕೂಡಿಹಾಕಿ, ತುಕ್ಕಿಗೆ ಬೆಚ್ಚಗೆ ಕಂಬಳಿ ಹೊದಿಸಿದ ಹಾಗೆ. ನೀರು ಹರಿದು ಹೋಗಲಿ ಅಂತ ಕಂಪನಿಯವರು ಬಿಟ್ಟ ಸಣ್ಣ ತೂತುಗಳೂ ಅದರಲ್ಲೇ ಮುಚ್ಚಿಹೋಗುತ್ತವೆ. ಅತ್ತಿಹಣ್ಣು ಬಿಚ್ಚಿದರೆ ಹುಳ ಅಂತಾರಲ್ಲ, ಟಾರು ಕೆರೆದರೆ ಅದೇ ಕಥೆ. ಸ್ಕ್ರೂಡ್ರೈವರ್ ತಾಗಿಸಿದರೆ ಬಿಸ್ಕತ್ತಿನ ಹಾಗೆ ಪುಡಿಪುಡಿ.

ಆದ್ದರಿಂದ ನೇರವಾಗಿ ಹೇಳಿಬಿಡ್ತೀನಿ. ಬಾಡಿಯನ್ನು ತಿರುಗಿಸಿ, ಬುಡ ಮೇಲೆ ಮಾಡಿ, ಕಬ್ಬಿಣ ಬರುವ ತನಕ ಕೆರೆದು ನೋಡದೆ ಮಾಡಿದ ಕೆಲಸ ರೆಸ್ಟೊರೇಶನ್ ಅಲ್ಲ. ಅದು ಪೇಂಟಿಂಗ್. ಪೇಂಟಿಂಗ್ ಮಾಡೋದು ತಪ್ಪಲ್ಲ, ಆದರೆ ಪೇಂಟಿಂಗ್ ರೇಟು ತಗೊಳ್ಳಿ ಸ್ವಾಮಿ.

ಹೀಗೆ ತಿರುಗಿಸೋಕೆ ಇರುವ ಸಾಧನದ ಹೆಸರು ರೊಟಿಸರಿ. ಹೋಟೆಲ್ ಮುಂದೆ ಗಾಜಿನ ಪೆಟ್ಟಿಗೆಯಲ್ಲಿ ಸರಳಿಗೆ ಸಿಕ್ಕಿಸಿದ ಕೋಳಿ ಸುತ್ತುತ್ತಾ ಇರುತ್ತಲ್ಲ, ಅದೇ ಹೆಸರು, ಅದೇ ತತ್ವ. ಇಲ್ಲಿ ಕೋಳಿಯ ಬದಲು ಕಾರು. ಎಂಜಿನ್, ಗೇರ್‌ಬಾಕ್ಸ್, ಗಾಜು, ಸೀಟು, ವೈರಿಂಗ್, ಪೆಟ್ರೋಲ್ ಟ್ಯಾಂಕ್ ಎಲ್ಲ ಕಳಚಿದ ಬರೀ ಬಾಡಿಯನ್ನು ಹಿಂದೆ ಮುಂದೆ ಎರಡು ಸ್ಟ್ಯಾಂಡಿಗೆ ಕಟ್ಟಿ, ಬೇಕಾದ ಕೋನಕ್ಕೆ ಹೊರಳಿಸಿ ನಿಲ್ಲಿಸೋದು.

ಪದ್ಮಿನಿಯಂಥ ಕಾರಿಗೆ ಇದು ಶೋಕಿಯಲ್ಲ. ಅದರ ಮೂಲ 1953ರ ಫಿಯಟ್ 1100. ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಈ ಕಾರಿಗೆ ಹಳೇ ಜೀಪಿಗಿರುವಂತೆ ಬೇರೆ ಛಾಸಿ ಇಲ್ಲ. ಬಾಡಿಯೇ ಅಸ್ಥಿಪಂಜರ. ನೆಲದ ಶೀಟು, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಸಿಲ್, ಸಸ್ಪೆನ್ಶನ್ ಕಚ್ಚಿಕೊಳ್ಳುವ ಜಾಗ ಇವೇ ಇಡೀ ಭಾರ ಹೊರುವುದು. ಮುಂದಿನ ಗಾಜಿನ ರಬ್ಬರ್ ಒಣಗಿ ಬಿರುಕು ಬಿಟ್ಟು, ಮಳೆನೀರು ಒಳಗಿಳಿದು, ಮ್ಯಾಟಿನ ಅಡಿ ವರ್ಷಗಟ್ಟಲೆ ನಿಂತರೆ ಮೊದಲು ಸಾಯೋದು ಇದೇ ಭಾಗ. ಮೇಲೆ ಕನ್ನಡಿಯಂಥ ಬಣ್ಣ ಇದ್ದು ಸಿಲ್ ಪೊಳ್ಳಾದ ಕಾರಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ನಂದಿಬೆಟ್ಟಕ್ಕೆ ಹೊರಡ್ತೀರಲ್ಲ, ಏನು ಧೈರ್ಯ ಮಾರಾಯ್ರೇ!

ಆದರೆ ನನಗೆ ಜಾಸ್ತಿ ಸಿಟ್ಟು ಬರಿಸೋದು ಕಾರಿನ ವಿಷಯವಲ್ಲ. ಕಾರಿನ ಅಡಿ ಮಲಗಿರುವ ಮನುಷ್ಯನ ವಿಷಯ. ನಮ್ಮ ಗ್ಯಾರೇಜುಗಳಲ್ಲಿ ನೆಲದ ಶೀಟು ಬದಲಿಸೋದು ಹೇಗೆ ಅಂತ ಯಾವತ್ತಾದರೂ ನಿಂತು ನೋಡಿದ್ದೀರಾ? ಒಂದು ಜಾಕು, ನಾಲ್ಕು ಇಟ್ಟಿಗೆ ಅಥವಾ ಮರದ ದಿಮ್ಮಿ. ಅದರಡಿ ಟಿಂಕರ್ ಅಂಗಾತ ಮಲಗುತ್ತಾನೆ, ಮುಖಕ್ಕೆ ಒಂದಡಿ ಮೇಲೆ ವೆಲ್ಡಿಂಗ್ ಮಾಡುತ್ತಾನೆ. ಕರಗಿದ ಲೋಹ ಕೆಳಗೇ ಬೀಳಬೇಕು, ಇನ್ನೆಲ್ಲಿಗೆ ಹೋಗುತ್ತೆ? ಕತ್ತಿನೊಳಗೆ, ಕಿವಿಯೊಳಗೆ. ವೈರ್ ಬ್ರಶ್ಶಿನಿಂದ ಉದುರುವ ತುಕ್ಕಿನ ಪುಡಿ ಕಣ್ಣಿಗೆ, ಮೂಗಿಗೆ. ಕನ್ನಡಕವೂ ಇಲ್ಲದೆ ಈ ಕೆಲಸ ಮಾಡುತ್ತಿದ್ದ ಒಬ್ಬ ಮೇಸ್ತ್ರಿಯನ್ನು ಕೇಳಿದೆ, "ಅಣ್ಣಾ, ತಲೆಯ ಮೇಲೆ ಹೊಲಿಗೆ ಸರಿಯಾಗಿ ಕೂರುತ್ತಾ?" ಅವರು ನಕ್ಕು, "ಎಲ್ಲಿ ಸಾರ್, ಎರಡು ಚುಕ್ಕಿ ಹಿಡಿಸಿದ್ರೆ ಸಾಕು, ಮೇಲೆ ಟಾರ್ ಬರುತ್ತಲ್ಲ" ಅಂದರು. ಅವರನ್ನು ಬೈಯೋಕೆ ನನಗೆ ಬಾಯಿ ಬರಲಿಲ್ಲ. ಹಾಗೆ ಮಲಗಿಕೊಂಡು ನೇರ ಹೊಲಿಗೆ ಹಾಕು ಅನ್ನೋನೇ ತಪ್ಪಿತಸ್ಥ. ಅದೇ ಬಾಡಿಯನ್ನು ಪಕ್ಕಕ್ಕೆ ಹೊರಳಿಸಿ ಎದೆಮಟ್ಟಕ್ಕೆ ತಂದುಕೊಟ್ಟರೆ, ಅದೇ ಕೈ ಬೆಣ್ಣೆ ಸವರಿದ ಹಾಗೆ ಹೊಲಿಗೆ ಹಾಕುತ್ತದೆ.

ಲಕ್ಷಗಟ್ಟಲೆ ಬಿಲ್ ಮಾಡುವ ವರ್ಕ್‌ಶಾಪ್ ಒಂದರಲ್ಲಿ 'ನಿಮ್ಮ ಹತ್ರ ರೊಟಿಸರಿ ಇದೆಯಾ' ಅಂತ ಕೇಳಿದ್ದಕ್ಕೆ, ಕಾಫಿ ಕೊಟ್ಟು 'ಅದೆಲ್ಲ ಫಾರಿನ್‌ನಲ್ಲಿ ಸರ್' ಅಂದರು. ಫಾರಿನ್ ಏನು ಬಂತು ಅದರಲ್ಲಿ? ಜೆ.ಸಿ. ರಸ್ತೆಯಲ್ಲಿ ಬೋಲ್ಟು, ಪೀಣ್ಯದಲ್ಲಿ ಲೇತು, ಗುಜರಿಯಲ್ಲಿ ಕಬ್ಬಿಣ ಸಿಗುವ ಊರು ನಮ್ಮದು. ನಾನು ಮನೆ ಹಿಂದಿನ ಶೀಟಿನ ಶೆಡ್ಡಿನಲ್ಲಿ ಮಾಡಿಕೊಂಡ ಜೋಡಿಗೆ ಕಬ್ಬಿಣ, ಚಕ್ರ, ಲೇತ್ ಕೂಲಿ ಸೇರಿ 22 ಸಾವಿರ ಆಯಿತು. ಅವರ ಒಂದು ಪೇಂಟಿಂಗ್ ಬಿಲ್ಲಿನ ಮುಂದೆ ಅದೊಂದು ಲೆಕ್ಕವೇ?

ಮಾಡೋದು ಹೀಗೆ. ದಪ್ಪ ಚೌಕ ಪೈಪಿನಲ್ಲಿ ಅಗಲ ಬುಡದ ಎರಡು ಸ್ಟ್ಯಾಂಡ್. ಪ್ರತಿಯೊಂದರ ತಲೆಯ ಮೇಲೆ ಒಂದು ಪೈಪಿನೊಳಗೆ ಇನ್ನೊಂದು ಪೈಪು ತಿರುಗುವ ಹಾಗೆ ಕೂರಿಸಿ ಗ್ರೀಸ್ ಹಚ್ಚಬೇಕು. ಬೇರಿಂಗ್ ಇದ್ದರೆ ಇನ್ನೂ ಹಗುರ. ಒಳಪೈಪಿನ ತುದಿಯಿಂದ ಬ್ರಾಕೆಟ್ಟುಗಳು ಬಂದು ಬಂಪರ್ ಬೋಲ್ಟು ಹಾಕುವ ಗಟ್ಟಿ ಜಾಗಕ್ಕೆ ಕಚ್ಚಿಕೊಳ್ಳುತ್ತವೆ. ಸ್ಟ್ಯಾಂಡುಗಳು ಒಂದರಿಂದೊಂದು ದೂರ ಸರಿಯದ ಹಾಗೆ ನೆಲಮಟ್ಟದಲ್ಲಿ ಉದ್ದಕ್ಕೆ ಒಂದು ಪೈಪು. ತಿರುಗಿಸಿದಲ್ಲಿ ನಿಲ್ಲಿಸೋಕೆ ತೂತು ಕೊರೆದ ದಪ್ಪ ತಟ್ಟೆ, ಅದಕ್ಕೊಂದು ಪಿನ್ನು. ಬರೀ ಸ್ಕ್ರೂ ಬಿಗಿದು ನಂಬಬೇಡಿ, ಪಿನ್ನೇ ಬೇಕು.

ಇದರಲ್ಲಿ ನಿಜವಾದ ಬುದ್ಧಿ ಇರೋದು ತೂಕ ಸಮ ಮಾಡುವುದರಲ್ಲಿ. ತಿರುಗುವ ಅಕ್ಷ ಬಾಡಿಯ ಭಾರದ ಕೇಂದ್ರದ ಮೂಲಕ ಹಾಯಬೇಕು. ಅಕ್ಷ ಮೇಲಾದರೆ ಬಾಡಿ ತೂಗುಯ್ಯಾಲೆಯ ಹಾಗೆ ವಾಪಸ್ ಬಂದು ನಿಲ್ಲುತ್ತದೆ, ಎತ್ತಲು ನಾಲ್ಕು ಜನ ಬೇಕು. ಕೆಳಗಾದರೆ ಇನ್ನೂ ಅಪಾಯ, ಪಿನ್ ತೆಗೆದ ಕ್ಷಣ ತಾನೇ ಮಗುಚಿಕೊಳ್ಳುತ್ತದೆ. ಅದಕ್ಕೇ ಬ್ರಾಕೆಟ್ಟುಗಳು ಮೇಲೆ ಕೆಳಗೆ ಸರಿಯುವಂತಿರಬೇಕು. ಸ್ವಲ್ಪ ಸ್ವಲ್ಪ ವಾಲಿಸಿ, ಎಲ್ಲಿ ಬಿಟ್ಟರೂ ಅಲ್ಲೇ ನಿಲ್ಲುವ ತನಕ ಸರಿಸುತ್ತಾ ಹೋಗಬೇಕು. ಸರಿಯಾದಾಗ ಇಡೀ ಪದ್ಮಿನಿಯ ಬಾಡಿಯನ್ನು ಒಂದೇ ಕೈಯಲ್ಲಿ ತಿರುಗಿಸಬಹುದು. ಪಕ್ಕದ ಮನೆಯ ಹುಡುಗ ಇದನ್ನು ನೋಡಿ, ಶಾಲೆಗೆ ಲೇಟಾದರೂ ನಾಲ್ಕು ಸುತ್ತು ಸುತ್ತಿಸಿಯೇ ಹೋದ.

'ಹಾಗೆ ನೇತು ಹಾಕಿದ್ರೆ ಬಾಡಿ ಬಾಗುತ್ತೆ' ಅನ್ನುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. ತುಕ್ಕು ತಿಂದ ಸಿಲ್ ಇರುವ ಬಾಡಿಯನ್ನು ಎರಡು ತುದಿಯಲ್ಲಿ ಹಿಡಿದರೆ ನಡು ಕುಸಿಯುತ್ತದೆ, ಆಮೇಲೆ ಬಾಗಿಲು ಜನ್ಮದಲ್ಲಿ ಕೂರಲ್ಲ. ಅದಕ್ಕೆ ಉಪಾಯ: ಬಾಡಿ ನೆಲದ ಮೇಲೆ ಸಮವಾಗಿ ಕೂತಿರುವಾಗಲೇ ಬಾಗಿಲ ಚೌಕಟ್ಟಿಗೆ ಅಡ್ಡಡ್ಡ ಪೈಪು ಬೆಸೆದು, ಮೂಲೆಯಿಂದ ಮೂಲೆಗೆ ಅಳತೆ ಬರೆದಿಟ್ಟುಕೊಳ್ಳುವುದು. ಸಿಲ್ ತೀರಾ ಹೋಗಿದ್ದರೆ ಅದನ್ನು ಮೊದಲು ನೆಲದ ಮೇಲೇ ಮುಗಿಸಿ, ನಂತರ ತಿರುಗಿಸುವುದು. ಇನ್ನು ಬೇರೆ ಛಾಸಿ ಇರುವ ಜೀಪು, ಸ್ಟ್ಯಾಂಡರ್ಡ್ ಹೆರಾಲ್ಡ್‌ನಂಥವಕ್ಕೆ ಬಾಡಿ ಎತ್ತಿ ಪಕ್ಕಕ್ಕಿಟ್ಟರೇ ಅರ್ಧ ಕೆಲಸ ಆಯಿತು, ಅವಕ್ಕೆ ಇಷ್ಟೆಲ್ಲ ಕಡ್ಡಾಯವಲ್ಲ.

ಆಫೀಸಿನ ಗೆಳೆಯರ ವಾದ ಬೇರೆ. "ಗುರು, ನಿನ್ನ ಒಂದು ಗಂಟೆಗೆ ಎಷ್ಟು ಸಂಬಳ ಲೆಕ್ಕ ಹಾಕು. ಅದರ ಬದಲು ಯಾರಿಗಾದ್ರೂ ಕೊಟ್ಬಿಡು." ಈ ಗಂಟೆ ಲೆಕ್ಕ ನನಗೆ ಅರ್ಥವೇ ಆಗಿಲ್ಲ. ಶನಿವಾರ ಸಂಜೆ ಮೂರು ಗಂಟೆ ರೀಲ್ಸ್ ನೋಡುವಾಗ ಯಾರೂ ಈ ಲೆಕ್ಕ ತೆಗೆಯಲ್ಲ. ಕೈಗೆ ಮಸಿ ಹತ್ತುವ ಕೆಲಸ ಬಂದಾಗ ಮಾತ್ರ ಎಲ್ಲರೂ ಚಾರ್ಟರ್ಡ್ ಅಕೌಂಟೆಂಟ್ ಆಗಿಬಿಡ್ತಾರೆ. ಕೊಡಿ, ಬೇರೆಯವರಿಗೇ ಕೊಡಿ, ನಾನು ಬೇಡ ಅನ್ನಲ್ಲ. ಎಲ್ಲರ ಮನೆ ಹಿಂದೆ ಶೆಡ್ ಇರಲ್ಲ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ವೆಲ್ಡಿಂಗ್ ಮಾಡಿದರೆ ಅಸೋಸಿಯೇಶನ್‌ನವರು ನಿಮ್ಮನ್ನೇ ಸರಳಿಗೆ ಸಿಕ್ಕಿಸ್ತಾರೆ. ಆದರೆ ಕೊಡುವಾಗ ಕೇಳುವ ಪ್ರಶ್ನೆ ಬದಲಿಸಿ. ನಾವು ಕೇಳೋದು ಬಣ್ಣದ ಕೋಡ್, ಡೆಲಿವರಿ ದಿನ, ಇಎಂಐ. ಗಿರಾಕಿ ಕೇಳದ್ದನ್ನು ಗ್ಯಾರೇಜಿನವನು ಯಾಕೆ ಮಾಡ್ತಾನೆ?

ಕೇಳಿ: ಬಾಡಿ ತಿರುಗಿಸ್ತೀರಾ, ಇಲ್ಲ ಇಟ್ಟಿಗೆ ಮೇಲೆ ಇಟ್ಟೇ ಮಾಡ್ತೀರಾ? ಪ್ರೈಮರ್ ಹೊಡೆಯುವ ಮೊದಲು ಬರೀ ಕಬ್ಬಿಣದ ಬುಡದ ಫೋಟೊ ಕೊಡ್ತೀರಾ? ಟಿಂಕರ್‌ಗೆ ಕನ್ನಡಕ, ಕೈಗವಸು ಇದೆಯಾ? ಸ್ಟ್ಯಾಂಡ್ ಇಲ್ಲ ಅಂದರೆ ನನ್ನ ಜೋಡಿಯ ಅಳತೆ ಬರೆದ ಕಾಗದ ಇದೆ, ಪುಕ್ಕಟೆ ಕೊಡ್ತೀನಿ. ಪದ್ಮಿನಿ ಬಿಟ್ಟು ಬೇರೆ ಕಾರಾದರೆ ಬ್ರಾಕೆಟ್ಟಿನ ಅಳತೆ ಮಾತ್ರ ನೀವೇ ತಗೋಬೇಕು.