ಓಲೆ ಕಾಯಲಿ, ಕ್ಯಾಲೆಂಡರು ಕರೆಯಲಿ

1971ರಲ್ಲಿ ಅಮೆರಿಕದ ಇಂಜಿನಿಯರ್ ರೇ ಟಾಮ್ಲಿನ್ಸನ್ನರು ಒಂದು ಗಣಕಯಂತ್ರದಿಂದ ಇನ್ನೊಂದಕ್ಕೆ ಜಾಲದ ಮೂಲಕ ಮೊದಲ ಇಮೇಲ್ ಓಲೆಯನ್ನು ಕಳುಹಿದರು. ಆ ಯಂತ್ರಗಳೆರಡೂ ಒಂದೇ ಕೋಣೆಯಲ್ಲಿ ಅಕ್ಕಪಕ್ಕದಲ್ಲಿದ್ದುವೆಂಬುದು ಸ್ವಾರಸ್ಯ. ಅಂದಿನಿಂದಲೂ ಇಮೇಲಿನ ಮೂಲಗುಣ ಒಂದೇ: ಬಂದ ಓಲೆಯು, ನಾವು ಬಿಡುವಾಗಿ ತೆರೆಯುವವರೆಗೆ ಯಂತ್ರದಲ್ಲಿ ತಂಗಿ ಕಾದಿರುತ್ತದೆ. ಕಾಯಲೆಂದೇ ನಿರ್ಮಿತವಾದ ಇಂತಹ ವ್ಯವಸ್ಥೆಗೆ ಗಂಟೆ ಕಟ್ಟಿ, ಅದು ಬಾರಿಸಿದಾಗಲೆಲ್ಲ ಓದನ್ನು ಬಿಟ್ಟೇಳುವುದು ಎಂತಹ ವಿಪರ್ಯಾಸ! ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದಿನಕ್ಕೆ ಮೂರೇ ಸಲ ಇಮೇಲ್ ನೋಡಿದ ವಾರ ಜನರ ಮನಸ್ಸಿನ ಒತ್ತಡ ತಗ್ಗಿತ್ತು.

ಗಂಟೆ ಇರಬೇಕಾದುದು ಕ್ಯಾಲೆಂಡರಿಗೆ. ಪರೀಕ್ಷಾಶುಲ್ಕದ ಕೊನೆಯ ದಿನ, ಪ್ರಯೋಗಶಾಲೆಯ ವೇಳೆ ಮುಂತಾದುವು ಓಲೆಗಳ ರಾಶಿಯಲ್ಲೇ ಹುದುಗಿದ್ದರೆ ಅವನ್ನು ಹೊರುವ ಭಾರ ನೆನಪಿನದು. ಓದಿದೊಡನೆಯೇ ದಿನಾಂಕವನ್ನು ಕ್ಯಾಲೆಂಡರಿಗೆ ಸೇರಿಸಿ, ಎರಡು ದಿನ ಮುಂಚೆಯೇ ಎಚ್ಚರಿಸುವಂತೆ ಏರ್ಪಡಿಸಿದರೆ ಆ ಓಲೆಯನ್ನು ನಿಶ್ಚಿಂತೆಯಿಂದ ಮರೆಯಬಹುದು. 1998ರಲ್ಲಿ ಪ್ರಕಟವಾದ ‘ಐಕ್ಯಾಲೆಂಡರ್’ ಎಂಬ ಸಾಮಾನ್ಯ ಕ್ರಮದಿಂದಾಗಿ, ಒಂದು ತಂತ್ರಾಂಶದಲ್ಲಿ ಬರೆದ ಆಹ್ವಾನವನ್ನು ಇನ್ನೊಂದು ಓದಬಲ್ಲುದು. ನಕಲು ಮಾಡುವ ಶ್ರಮವೂ ಎಷ್ಟೋ ಸಲ ಉಳಿಯುತ್ತದೆ.

ತುರ್ತು ವಾರ್ತೆಗಳ ಗತಿಯೇನೆಂದು ಕೆಲವರು ಕೇಳಿಯಾರು. ಅಂಥವಕ್ಕೆ ದೂರವಾಣಿಯಿದೆ. ಈ ಏರ್ಪಾಡಿಗೆ ಬೇಕಾದುದು ಕಾಲು ಗಂಟೆ. ಅದನ್ನು ಪರೀಕ್ಷೆಯ ಹಿಂದಿನ ವಾರಕ್ಕೆ ಉಳಿಸದೆ ವರ್ಷಾರಂಭದಲ್ಲಿಯೇ ಕೊಡತಕ್ಕದ್ದು.